ಅತಿಥಿಗೊಂದು ಕನ್ನಡಕ

ಧಾರವಾಡದ ವಾಚಕಿಯೊಬ್ಬರು ಬರೆದಿರುವ ದೀರ್ಘವಾದ ಪತ್ರವೊಂದು ನಮ್ಮ ಮುಂದಿದೆ. ಅವರ ಅತ್ತೆಯವರು ತಮ್ಮ ಬಾಳಿನ ಕೊನೆಯ ಹತ್ತು ವರ್ಷಗಳಲ್ಲಿ ಮನೆಮದ್ದು, ಹಬ್ಬದಡುಗೆ, ಉಪ್ಪಿನಕಾಯಿ, ಬಾಣಂತಿಯ ಪಥ್ಯ ಮೊದಲಾದ ವಿಷಯಗಳಲ್ಲಿ ತಾವು ಬಲ್ಲುದನ್ನೆಲ್ಲ ಮನೆಯ ಕಂಪ್ಯೂಟರಿನಲ್ಲಿ ತಾವೇ ಕುಳಿತು ಬೆರಳಚ್ಚು ಮಾಡಿಟ್ಟು ಹೋದರು. ನಾನೂರು ಪುಟಕ್ಕೆ ಕಡಿಮೆಯಿಲ್ಲ. ಅದೆಲ್ಲವೂ ವಿಂಡೋಸ್ ಎಕ್ಸ್‌ಪಿ ಎಂಬ ಹಳೆಯ ವ್ಯವಸ್ಥೆಯ ಮೇಲೆ, ಅಂದಿನ ಕನ್ನಡ ಅಕ್ಷರವಿನ್ಯಾಸದಲ್ಲಿ ಆದ ಬರಹ. ಆ ಯಂತ್ರ ಒಂದು ದಿನ ಕೆಟ್ಟುನಿಂತಿತು. ಮಗ ಹೊಸ ಲ್ಯಾಪ್‌ಟಾಪು ತಂದು, ಹಳೆಯ ಯಂತ್ರದೊಳಗಿದ್ದುದನ್ನು ಇಡಿಯಾಗಿ ಹೊಸದರೊಳಗೆ ‘ವರ್ಚುಯಲ್ ಯಂತ್ರ’ವಾಗಿ ನೆಲೆಗೊಳಿಸಿ, ರಜೆ ಮುಗಿಯಿತೆಂದು ಕೆಲಸದ ಊರಿಗೆ ಹೊರಟುಹೋದ. ಪುಟಗಳೇನೋ ತೆರೆಯುತ್ತವೆ, ಅಕ್ಷರಗಳು ಮಾತ್ರ ಸಾಸಿವೆ ಕಾಳಿನಷ್ಟು. ಅಂಗಡಿಯಿಂದ ಬಂದ ಹುಡುಗನೊಬ್ಬ ಪರದೆಯ ‘ರೆಸಲ್ಯೂಷನ್’ ತಗ್ಗಿಸಿಕೊಟ್ಟ. ಅಕ್ಷರ ದೊಡ್ಡದಾಯಿತು, ಜೊತೆಗೆ ಮಂಜು ಕವಿದಂತೆಯೂ ಆಯಿತು. ವಾಚಕಿಯವರು ಕನ್ನಡಕವನ್ನು ಬದಲಾಯಿಸಿ ನೋಡಿದ್ದಾರೆ. ಪುಸ್ತಕವನ್ನು ಅಚ್ಚಿಗೆ ಕೊಡುವ ಮೊದಲು ಕರಡು ತಿದ್ದಬೇಕು; ದೋಷ ಕಣ್ಣಿನದೋ ಯಂತ್ರದ್ದೋ ತಿಳಿಯದೆ ಕೆಲಸವನ್ನೇ ಕೈಬಿಡುವ ಯೋಚನೆಯಲ್ಲಿದ್ದಾರೆ.

ದೋಷ ಕಣ್ಣಿನದಲ್ಲವೆಂದು ಮೊದಲೇ ಹೇಳಿಬಿಡುತ್ತೇವೆ. ಯಂತ್ರವೂ ಕೆಟ್ಟಿಲ್ಲ. ಹೊಸ ಯಂತ್ರಕ್ಕೂ ಅದರ ಹೊಟ್ಟೆಯೊಳಗೆ ಕುಳಿತ ಹಳೆಯ ಯಂತ್ರಕ್ಕೂ ಅಳತೆಯ ವಿಷಯದಲ್ಲಿ ಮಾತುಕತೆ ನಡೆದಿಲ್ಲ, ಅಷ್ಟೆ. ಹಳೆಯ ಲೆಕ್ಕಪತ್ರದ ತಂತ್ರಾಂಶವನ್ನು ಬಿಡಲಾರದ ವರ್ತಕರು, ವಿಂಡೋಸಿನೊಳಗೆ ಲಿನಕ್ಸ್ ಇಟ್ಟುಕೊಂಡು ಕಲಿಯುವ ಕಾಲೇಜು ವಿದ್ಯಾರ್ಥಿಗಳು, ಇವರೆಲ್ಲರೂ ಇದೇ ತೊಡಕಿನಲ್ಲಿ ಸಿಕ್ಕಿಕೊಳ್ಳುವುದರಿಂದ ಈ ವಾರದ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಇಷ್ಟು ಸಣ್ಣ ವಿಷಯಕ್ಕೆ ಒಂದು ಅಂಕಣವೇ ಎಂದು ಕೇಳುವವರಿಗೆ ಕನ್ನಡ ಲಿಪಿಯನ್ನೊಮ್ಮೆ ನೋಡಿರೆಂದು ಹೇಳಬೇಕಾಗಿದೆ. ‘ಅರ್ಥ’ಕ್ಕೂ ‘ಅರ್ಧ’ಕ್ಕೂ ಇರುವ ಭೇದ ಅಕ್ಷರದ ಹೊಟ್ಟೆಯೊಳಗಿನ ಒಂದು ಚುಕ್ಕೆ. ‘ದನ’ವನ್ನು ‘ಧನ’ವನ್ನಾಗಿ ಮಾಡುವುದು ಬುಡದಲ್ಲಿರುವ ಒಂದು ಸೀಳು. ‘ಪ’ಕಾರ ‘ಷ’ಕಾರವಾಗಲು ಒಳಗೊಂದು ಗೆರೆ ಸಾಕು. ಇವೆಲ್ಲವನ್ನೂ ಪದದ ಸಂದರ್ಭದಿಂದ ಊಹಿಸಿಕೊಳ್ಳಬಹುದೆನ್ನೋಣ. ಅಂಕಿಗಳನ್ನು ಊಹಿಸುವುದು ಹೇಗೆ? ೬ ಮತ್ತು ೯ ಬಾಲದ ತಿರುವಿನಲ್ಲಷ್ಟೇ ಬೇರೆ. ೧ರ ಬಾಯಿ ಮುಚ್ಚಿದರೆ ೦. ಕಷಾಯಕ್ಕೆ ಹಾಕಬೇಕಾದ ಮೆಣಸಿನ ಕಾಳು ಆರೋ ಒಂಬತ್ತೋ ಎಂಬುದು ಮಂಜುಮಂಜಾದ ಪರದೆಯ ಮೇಲೆ ತೀರ್ಮಾನವಾಗತಕ್ಕ ಮಾತಲ್ಲ. ಬರೆದವರು ಬದುಕಿದ್ದರೆ ಕೇಳಬಹುದಾಗಿತ್ತು. ಈಗ ಆ ಪುಟವೊಂದೇ ಸಾಕ್ಷಿ.

ಹಿರಿಯರಿಗೆ ನೆನಪಿರಬಹುದು. 1956ರಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದು ಅದು ಹಂತಹಂತವಾಗಿ ಜಾರಿಗೆ ಬರುವವರೆಗೆ ನಮ್ಮಲ್ಲಿ ಸೇರು ಎಂಬ ಅಳತೆ ಊರಿಂದೂರಿಗೆ ಬೇರೆಯಾಗಿತ್ತು. ತವರಿನಲ್ಲಿ ಎರಡು ಸೇರು ಅಕ್ಕಿಗೆ ಕಲಿತ ಅಡುಗೆಯನ್ನು ಗಂಡನ ಮನೆಯಲ್ಲಿ ಎರಡೇ ಸೇರಿಗೆ ಮಾಡಿದರೆ ಉಪ್ಪು ಹೆಚ್ಚೋ ಕಡಿಮೆಯೋ ಆಗುತ್ತಿತ್ತು. ಅಡುಗೆಯ ಕ್ರಮ ತಪ್ಪಲ್ಲ, ಕೈಯೂ ತಪ್ಪಲ್ಲ, ಸೇರು ಬೇರೆ. ಕಂಪ್ಯೂಟರಿನ ಪರದೆಯ ಸೇರಿಗೆ ‘ಪಿಕ್ಸೆಲ್’ ಎಂದು ಹೆಸರು. ನಾವು ಚುಕ್ಕೆ ಎನ್ನೋಣ. ಹಳೆಯ ಪ್ರೋಗ್ರಾಮುಗಳೆಲ್ಲ ಅಕ್ಷರ ಹದಿನಾರು ಚುಕ್ಕೆ ಎತ್ತರವಿರಲಿ, ಗುಂಡಿ ಇಪ್ಪತ್ತಮೂರು ಚುಕ್ಕೆ ಇರಲಿ ಎಂದು ಹೇಳುತ್ತವೆಯೇ ಹೊರತು ಇಷ್ಟು ಮಿಲಿಮೀಟರು ಎಂದು ಹೇಳುವುದಿಲ್ಲ. ಯಾವ ಊರಿನ ಚುಕ್ಕೆ ಎಂಬ ಪ್ರಶ್ನೆ ಅವುಗಳಿಗೆ ಹೊಳೆದೇ ಇರಲಿಲ್ಲ.

ಹೊಳೆಯದಿದ್ದುದಕ್ಕೆ ಕಾರಣವುಂಟು. 1984ರಲ್ಲಿ ಹೊರಬಂದ ಆಪಲ್ ಸಂಸ್ಥೆಯ ಮ್ಯಾಕಿಂಟೋಷ್ ಯಂತ್ರದ ಪರದೆಯಲ್ಲಿ ಅಂಗುಲಕ್ಕೆ 72 ಚುಕ್ಕೆಗಳಿದ್ದುವು. ಗಣಕದ ಮುದ್ರಣದಲ್ಲಿ ಅಕ್ಷರವನ್ನು ಅಳೆಯುವ ‘ಪಾಯಿಂಟು’ ಅಂಗುಲದ 72ನೆಯ ಒಂದು ಭಾಗ. ಆದ್ದರಿಂದ ಒಂದು ಪಾಯಿಂಟಿಗೆ ಒಂದು ಚುಕ್ಕೆ ಎಂಬ ಸರಳವಾದ ಲೆಕ್ಕ. ಮೈಕ್ರೋಸಾಫ್ಟಿನವರು ಪುಸ್ತಕಕ್ಕಿಂತ ಪರದೆ ಕಣ್ಣಿಗೆ ದೂರವೆಂದು, ಅಕ್ಷರವನ್ನು ಮೂರನೆಯ ಒಂದು ಪಾಲು ಹಿಗ್ಗಿಸಿ ತಮ್ಮ ವಿಂಡೋಸಿಗೆ 96 ಎಂಬ ಸಂಖ್ಯೆಯನ್ನು ಇಟ್ಟುಕೊಂಡರು. ಆಗಿನ ಪರದೆಗಳು ನಿಜವಾಗಿಯೂ ಈ ಅಂಕಿಗಳ ಆಸುಪಾಸಿನಲ್ಲಿಯೇ ಇದ್ದುವು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಪಂಚದ ಪ್ರೋಗ್ರಾಮು ಬರೆಯುವವರೆಲ್ಲ 96 ಎಂಬುದನ್ನು ಸೃಷ್ಟಿನಿಯಮವೆಂದೇ ಎಣಿಸಿ ನಡೆದುಕೊಂಡರು.

ಆಮೇಲೆ ಚುಕ್ಕೆ ಕುಗ್ಗತೊಡಗಿತು. 2010ರಲ್ಲಿ ಆಪಲ್ ಸಂಸ್ಥೆಯ ಕೈಫೋನೊಂದು ಅಂಗುಲಕ್ಕೆ 326 ಚುಕ್ಕೆಗಳೊಂದಿಗೆ ಬಂದಿತು. 2012ರ ಜೂನಿನಲ್ಲಿ ಅವರದೇ ಲ್ಯಾಪ್‌ಟಾಪು 2880 ಅಡ್ಡ, 1800 ಉದ್ದ ಚುಕ್ಕೆಗಳ ಪರದೆಯನ್ನು ಹೊತ್ತು ಬಂದಿತು. ಮಿಕ್ಕವರು ಅದೇ ದಾರಿ ಹಿಡಿದರು. ಒಳ್ಳೆಯ ಕಣ್ಣು ಅರ್ಧ ಮೀಟರು ದೂರದಿಂದ ಬೇರೆಬೇರೆಯಾಗಿ ಗುರುತಿಸಬಲ್ಲ ಅಂತರ ಸುಮಾರು 0.145 ಮಿಲಿಮೀಟರು. ಹಳೆಯ 15.6 ಅಂಗುಲದ, 1366ಕ್ಕೆ 768 ಚುಕ್ಕೆಗಳ ಪರದೆಯಲ್ಲಿ ಒಂದು ಚುಕ್ಕೆ 0.25 ಮಿಲಿಮೀಟರು, ಕಣ್ಣಿಗೆ ಕಾಣುವಷ್ಟು ದಪ್ಪ. ನಮ್ಮ ವಾಚಕಿಯವರ ಹೊಸ ಲ್ಯಾಪ್‌ಟಾಪಿನ ಪರದೆ 14 ಅಂಗುಲ, 2880ಕ್ಕೆ 1800. ಅಂಗುಲಕ್ಕೆ ಸುಮಾರು 243 ಚುಕ್ಕೆ. ಒಂದೊಂದು ಚುಕ್ಕೆ 0.105 ಮಿಲಿಮೀಟರು. ಕಣ್ಣಿಗೆ ಚುಕ್ಕೆಯೇ ತೋರದೆ ಗೆರೆ ಮಾತ್ರ ತೋರುತ್ತದೆ. ಒತ್ತು, ದೀರ್ಘ, ಸೊನ್ನೆಗಳಿಂದ ತುಂಬಿದ ನಮ್ಮ ಲಿಪಿಗೆ ಇದು ದೊಡ್ಡ ಉಪಕಾರ. ಈ ಪರದೆಗಳು ಇಂಗ್ಲಿಷಿಗಿಂತ ಕನ್ನಡಕ್ಕೇ ಹೆಚ್ಚು ಒಪ್ಪುತ್ತವೆಂದು ನಮ್ಮ ನಂಬಿಕೆ.

ಆದರೆ ಹದಿನಾರು ಚುಕ್ಕೆಯ ಅಕ್ಷರದ ಗತಿಯೇನು? ಹಳೆಯ ಪರದೆಯಲ್ಲಿ ಅದು 4 ಮಿಲಿಮೀಟರು ಎತ್ತರವಿತ್ತು. ಹೊಸದರಲ್ಲಿ 1.7 ಮಿಲಿಮೀಟರು ಆಗುತ್ತದೆ. ಇದೇ ಸಾಸಿವೆ ಕಾಳು.

ಹೊಸ ಲ್ಯಾಪ್‌ಟಾಪಿನ ಸ್ವಂತ ವ್ಯವಸ್ಥೆಗೆ ಈ ಸಂಗತಿ ಗೊತ್ತು. ಪರದೆಯ ಫಲಕವೇ ತನ್ನ ಉದ್ದಗಲ ಇಷ್ಟೆಂದು ಯಂತ್ರಕ್ಕೆ ತಿಳಿಸುತ್ತದೆ. ವಿಂಡೋಸ್ ಅದನ್ನು ನೋಡಿಕೊಂಡು ಪ್ರತಿಯೊಂದನ್ನೂ ನೂರಕ್ಕೆ ಇನ್ನೂರರಂತೆ, ಅಂದರೆ ಇಮ್ಮಡಿಯಾಗಿ ಬರೆಯುತ್ತದೆ. ಆದ್ದರಿಂದ ಹೊರಗಿನ ಪರದೆಯಲ್ಲಿ ವಾಚಕಿಯವರಿಗೆ ಯಾವ ಕಷ್ಟವೂ ಇಲ್ಲ. ಕಷ್ಟವೆಲ್ಲ ಆ ಒಂದು ಕಿಟಕಿಯೊಳಗೆ.

ಆ ಕಿಟಕಿಯೊಳಗಿನ ವಿದ್ಯೆ ಹೊಸತೇನೂ ಅಲ್ಲ. ಒಂದು ಯಂತ್ರದೊಳಗೆ ಹಲವು ಯಂತ್ರಗಳಿರುವಂತೆ ನಟಿಸುವ ಕಲೆಯನ್ನು ಐ.ಬಿ.ಎಂ. ಸಂಸ್ಥೆಯವರು 1960ರ ದಶಕದಲ್ಲಿಯೇ ಸಾಧಿಸಿ, 1972ರಲ್ಲಿ ತಮ್ಮ ದೊಡ್ಡ ಗಣಕಗಳೊಂದಿಗೆ ಮಾರಾಟಕ್ಕೆ ಬಿಟ್ಟರು. ಮೇಜಿನ ಮೇಲಿನ ಕಂಪ್ಯೂಟರಿಗೆ ಅದನ್ನು 1999ರಲ್ಲಿ ತಂದವರು ವಿಎಂವೇರ್ ಸಂಸ್ಥೆಯವರು. ಧಾರವಾಡದ ಹುಡುಗ ಬಳಸಿದ ವರ್ಚುಯಲ್‌ಬಾಕ್ಸ್ 2007ರಲ್ಲಿ ಬಂದದ್ದು. ಈಗ ಒರಾಕಲ್ ಸಂಸ್ಥೆಯ ಕೈಯಲ್ಲಿದೆ. ಹೊರಗಿನ ಯಂತ್ರವನ್ನು ಆತಿಥೇಯನೆಂದೂ ಒಳಗಿನದನ್ನು ಅತಿಥಿಯೆಂದೂ ಕರೆಯುವುದು ರೂಢಿ. ಹೆಸರು ಚೆನ್ನಾಗಿದೆ. ಅತಿಥಿಗೆ ಊಟ, ಹಾಸಿಗೆ ಎಲ್ಲವೂ ಆತಿಥೇಯನಿಂದಲೇ ಬರಬೇಕು. ಆದರೆ ಅತಿಥಿಯು ತಾನು ಸ್ವಂತ ಮನೆಯಲ್ಲಿಯೇ ಇದ್ದೇನೆಂದು ನಂಬಿರುತ್ತಾನೆ. ಅವನಿಗೆ ತೋರಿಸುವ ಪರದೆಯೂ ಹುಸಿಪರದೆಯೇ. ಇಷ್ಟು ಅಡ್ಡಚುಕ್ಕೆ, ಇಷ್ಟು ಉದ್ದಚುಕ್ಕೆ ಎಂದು ಮಾತ್ರ ಅದು ಹೇಳುತ್ತದೆ. ನಿಜವಾದ ಅಂಗುಲದ ಲೆಕ್ಕ ಸಾಮಾನ್ಯವಾಗಿ ಅತಿಥಿಯ ಕಿವಿಗೆ ಬೀಳುವುದಿಲ್ಲ. ಇರುವುದು 14 ಅಂಗುಲವೋ, ಸಿನಿಮಾ ಮಂದಿರದ ತೆರೆಯೋ, ಅವನೇನು ಬಲ್ಲ? ತನ್ನ ಕಾಲದ 96ನ್ನೇ ನೆಚ್ಚಿಕೊಂಡು ಹದಿನಾರು ಚುಕ್ಕೆಯಲ್ಲಿ ಅಕ್ಷರ ಬರೆದು ಕೂರುತ್ತಾನೆ.

ಅಂಗಡಿಯ ಹುಡುಗ ಮಾಡಿದ್ದು ಏಕೆ ಫಲಿಸಲಿಲ್ಲವೆಂಬುದನ್ನು ಇಲ್ಲಿಯೇ ನೋಡಿಬಿಡಬಹುದು. ಹಿಂದಿನ ಗಾಜಿನ ಕೊಳವೆಯ ಪರದೆಗಳಿಗೆ ರೆಸಲ್ಯೂಷನ್ ತಗ್ಗಿಸಿದರೆ ಬಾಧಕವಿರಲಿಲ್ಲ. ಈಗಿನ ಫಲಕದ ಚುಕ್ಕೆಗಳು ಗೋಡೆಯ ಇಟ್ಟಿಗೆಗಳಂತೆ ಕಟ್ಟಿ ಕೂರಿಸಿದವು, ಎಣಿಕೆ ಬದಲಾಗುವುದಿಲ್ಲ. 1366 ಚುಕ್ಕೆಯ ಚಿತ್ರವನ್ನು 2880 ಇಟ್ಟಿಗೆಗಳ ಮೇಲೆ ಹರಡಬೇಕಾದರೆ ಒಂದೊಂದು ಚುಕ್ಕೆಗೆ ಎರಡು ಇಟ್ಟಿಗೆಯೂ ಮೇಲೊಂದು ಚೂರೂ ಬರುತ್ತದೆ. ಆ ಚೂರನ್ನು ಎಲ್ಲಿ ಹಾಕುವುದು? ಪಕ್ಕದ ಚುಕ್ಕೆಯೊಂದಿಗೆ ಬಣ್ಣ ಬೆರೆಸಿ ಹಚ್ಚುತ್ತಾರೆ. ಕಪ್ಪು ಗೆರೆಯ ಅಂಚು ಬೂದಿಯ ಬಣ್ಣವಾಗುತ್ತದೆ. ‘ಥ’ದ ಚುಕ್ಕೆ ಹೊಟ್ಟೆಯೊಳಗೆ ಕರಗಿಹೋಗುತ್ತದೆ. ಅದೇ 1440ಕ್ಕೆ 900 ಚುಕ್ಕೆಯ ಚಿತ್ರವಾಗಿದ್ದರೆ ಒಂದು ಚುಕ್ಕೆಗೆ ಸರಿಯಾಗಿ ಅಡ್ಡ ಎರಡು, ಉದ್ದ ಎರಡು, ಒಟ್ಟು ನಾಲ್ಕು ಇಟ್ಟಿಗೆ. ಚೂರು ಉಳಿಯುವುದಿಲ್ಲ, ಬೆರಕೆಯೂ ಬೇಕಿಲ್ಲ. ಹಿಗ್ಗಿಸುವುದಾದರೆ ಪೂರ್ಣಸಂಖ್ಯೆಯಿಂದ ಹಿಗ್ಗಿಸಬೇಕೆಂಬುದರ ಗುಟ್ಟು ಇಷ್ಟೆ. ಒಂದೂವರೆಪಟ್ಟು ಎಂಬುದು ಕಾಗದದ ಮೇಲೆ ಹಿತವಾಗಿ ಕಂಡರೂ ಚುಕ್ಕೆಗಳ ಲೋಕದಲ್ಲಿ ಕಿರಿಕಿರಿಯ ಸಂಖ್ಯೆ.

ಪೂರ್ಣಸಂಖ್ಯೆಯಿಂದ ಹಿಗ್ಗಿಸಿದರೂ ಒಂದು ಕೊರತೆ ಉಳಿಯುತ್ತದೆ. ಚುಕ್ಕೆ ರಂಗೋಲಿ ಹಾಕುವವರಿಗೆ ಇದು ಬೇಗ ಅರ್ಥವಾದೀತು. ಐದು ಚುಕ್ಕೆಯ ಹೂವನ್ನು ಅಂಗಳದ ತುಂಬ ಆಗುವಂತೆ ಹಿಗ್ಗಿಸಿದರೆ ಹೂವು ದೊಡ್ಡದಾಗುತ್ತದೆಯೇ ಹೊರತು ದಳಗಳ ನಯ ಹೆಚ್ಚುವುದಿಲ್ಲ; ಚುಕ್ಕೆಗಳ ನಡುವಣ ಅಂತರ ಹೆಚ್ಚಿತು, ಅಷ್ಟೆ. ಅಂಗಳಕ್ಕೆ ತಕ್ಕಂತೆ ಹದಿನೈದು ಚುಕ್ಕೆ ಇಟ್ಟು ಹೊಸದಾಗಿ ಬರೆದರೆ ಬಳುಕು ಬೇರೆಯೇ. ಪರದೆಯ ಮೇಲೂ ಬರೆದ ಚಿತ್ರವನ್ನು ಹಿಗ್ಗಿಸುವುದು ಬೇರೆ, ಅಕ್ಷರವನ್ನೇ ದೊಡ್ಡದಾಗಿ ಬರೆಯುವುದು ಬೇರೆ. ಮೊದಲನೆಯದನ್ನು ಆತಿಥೇಯನು ಹೊರಗಿನಿಂದ ಮಾಡಬಲ್ಲ. ಅವನಿಗೆ ಒಳಗಿರುವುದು ಅಕ್ಷರವೋ ಚಿತ್ರವೋ ತಿಳಿಯದು, ಚುಕ್ಕೆಗಳು ಮಾತ್ರ ಕಾಣುತ್ತವೆ. ಎರಡನೆಯದನ್ನು ಅಕ್ಷರದ ರೂಪವನ್ನು ಬಲ್ಲ ಅತಿಥಿಯೇ ಮಾಡಬೇಕು. ಯಾವ ಕೆಲಸವನ್ನು ಯಾರಿಂದ ಮಾಡಿಸಬೇಕೆಂಬುದನ್ನು ಗೊತ್ತುಮಾಡಿಕೊಂಡರೆ ಈ ತೊಡಕಿನ ಮುಕ್ಕಾಲುಪಾಲು ಬಿಡಿಸಿದಂತಾಯಿತು.

ಇನ್ನು ಧಾರವಾಡದ ಯಂತ್ರಕ್ಕೆ ಬರೋಣ. ಮೊದಲು ಲ್ಯಾಪ್‌ಟಾಪಿನ ರೆಸಲ್ಯೂಷನನ್ನು ಅದರ ಹುಟ್ಟುಸಂಖ್ಯೆಯಾದ 2880ಕ್ಕೆ 1800ಕ್ಕೆ ಮರಳಿಸಬೇಕು. ಆಮೇಲೆ ಅತಿಥಿಯೊಳಗೆ ‘ಗೆಸ್ಟ್ ಅಡಿಷನ್ಸ್’ ಎಂಬ ಸಹಾಯಕ ತಂತ್ರಾಂಶವನ್ನು ಸ್ಥಾಪಿಸಿದೆಯೋ ಇಲ್ಲವೋ ನೋಡಬೇಕು. ಅದಿಲ್ಲದೆ ಅತಿಥಿಯ ಪರದೆ ಬೇಕಾದ ಅಳತೆಗೆ ಬಗ್ಗುವುದಿಲ್ಲ. ಬಳಿಕ ವರ್ಚುಯಲ್‌ಬಾಕ್ಸಿನಲ್ಲಿ ಆ ಯಂತ್ರದ ‘ಸೆಟ್ಟಿಂಗ್ಸ್’ ತೆರೆದು ‘ಡಿಸ್‌ಪ್ಲೇ’ ಎಂಬಲ್ಲಿರುವ ‘ಸ್ಕೇಲ್ ಫ್ಯಾಕ್ಟರ್’ ಎಂಬ ಅಳತೆಯನ್ನು, ಅತಿಥಿಯ ಒಂದು ಚುಕ್ಕೆಗೆ ಫಲಕದ ಎರಡು ಚುಕ್ಕೆ ಬರುವಂತೆ ಸರಿಸಬೇಕು. ಬಲಗಡೆಯ ಕಂಟ್ರೋಲ್ ಕೀಲಿಯೊಂದಿಗೆ ಎಫ್ ಒತ್ತಿ ಅತಿಥಿಯನ್ನು ಪೂರ್ಣಪರದೆಗೆ ಹರಡಿ, ಎಕ್ಸ್‌ಪಿಯೊಳಗೆ ಪರದೆಯ ಅಳತೆ ಎಷ್ಟೆಂದು ವಿಚಾರಿಸಬೇಕು. 1440ಕ್ಕೆ 900 ಎಂದು ತೋರಿದರೆ ಸರಿ. ಎರಡರಿಂದ ಗುಣಿಸಿದರೆ ಫಲಕದ ಸಂಖ್ಯೆ ಬರಬೇಕು. ಬಾರದಿದ್ದರೆ ಎಲ್ಲೋ ಚೂರು ಉಳಿದಿದೆಯೆಂದು ತಿಳಿಯಬೇಕು. ಸೆಟ್ಟಿಂಗಿನ ಹೆಸರುಗಳು ಆವೃತ್ತಿಯಿಂದ ಆವೃತ್ತಿಗೆ ಜಾಗ ಬದಲಾಯಿಸುವುದುಂಟು. ಈ ಗುಣಾಕಾರ ಬದಲಾಗುವುದಿಲ್ಲ. ‘ಸ್ಕೇಲ್ಡ್ ಮೋಡ್’ ಎಂಬ ಇನ್ನೊಂದು ಸವಲತ್ತು ಅದೇ ಪಟ್ಟಿಯ ಆಸುಪಾಸಿನಲ್ಲಿದ್ದು ಕೈಬೀಸಿ ಕರೆಯುತ್ತದೆ. ಕಿಟಕಿಯನ್ನು ಎಳೆದಂತೆಲ್ಲ ಚಿತ್ರವನ್ನು ಎಳೆದುಕೊಡುವುದು ಅದರ ಸ್ವಭಾವ. ಒಂದು ಮುಕ್ಕಾಲುಪಟ್ಟು, ಎರಡೂ ಕಾಲುಪಟ್ಟು, ಅದಕ್ಕೆ ಎಲ್ಲವೂ ಒಂದೇ. ಓದುವ ಕೆಲಸಕ್ಕೆ ಅದು ಬೇಡ.

ಎಕ್ಸ್‌ಪಿಯೊಳಗೇ 96ರ ಸಂಖ್ಯೆಯನ್ನು ಹೆಚ್ಚಿಸಬಾರದೇ ಎಂದು ಬಲ್ಲವರು ಕೇಳಬಹುದು. ಹೆಚ್ಚಿಸಲು ಅವಕಾಶವೇನೋ ಇದೆ. ಆದರೆ ಆ ಕಾಲದ ಪ್ರೋಗ್ರಾಮುಗಳಲ್ಲಿ ಬಹಳಷ್ಟು ಅದಕ್ಕೆ ಸಿದ್ಧವಾಗಿಲ್ಲ. ಅಕ್ಷರ ಬೆಳೆಯುತ್ತದೆ, ಅದನ್ನಿಟ್ಟ ಪೆಟ್ಟಿಗೆ ಬೆಳೆಯುವುದಿಲ್ಲ. ಗುಂಡಿಯ ಮೇಲಿನ ಮಾತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ, ಒತ್ತಬೇಕಾದ ಗುಂಡಿಯೇ ಕಿಟಕಿಯಿಂದಾಚೆ ಸರಿದುಬಿಡುತ್ತದೆ. ವೃದ್ಧ ಅತಿಥಿಯನ್ನು ಹೊಸ ವಿದ್ಯೆ ಕಲಿಯೆಂದು ಪೀಡಿಸುವುದಕ್ಕಿಂತ ಆತಿಥೇಯನೇ ಭೂತಗನ್ನಡಿ ಹಿಡಿಯುವುದು ಲೇಸು.

ಇನ್ನೆರಡು ಸಣ್ಣ ಸಂಗತಿಗಳುಂಟು. ಎಕ್ಸ್‌ಪಿಯಲ್ಲಿ ಅಕ್ಷರದ ಅಂಚನ್ನು ನಯಗೊಳಿಸುವ ‘ಕ್ಲಿಯರ್‌ಟೈಪ್’ ಎಂಬ ಏರ್ಪಾಡಿದೆ. ಫಲಕದ ಒಂದೊಂದು ಚುಕ್ಕೆಯೊಳಗಿನ ಕೆಂಪು, ಹಸಿರು, ನೀಲಿ ಪಟ್ಟೆಗಳನ್ನು ಬೇರೆಬೇರೆಯಾಗಿ ಬೆಳಗಿಸುವುದೇ ಅದರ ಉಪಾಯ. ಚಿತ್ರವನ್ನು ಇಮ್ಮಡಿಸಿದಾಗ ಆ ಪಟ್ಟೆಗಳ ಲೆಕ್ಕ ತಪ್ಪಿ, ಅಕ್ಷರದ ಅಂಚಿನಲ್ಲಿ ಬಣ್ಣದ ಜರಿ ಮೂಡುತ್ತದೆ. ಇಮ್ಮಡಿಸಿದ ಅತಿಥಿಯಲ್ಲಿ ಅದನ್ನು ತೆಗೆದು ಸಾಧಾರಣ ನಯಗಾರಿಕೆಯನ್ನೇ ಇಟ್ಟುಕೊಳ್ಳುವುದು ಕಣ್ಣಿಗೆ ಹಿತ. ಎರಡನೆಯದು, ಅತಿಥಿಗೆ ಕೊಟ್ಟ ಚಿತ್ರಸ್ಮೃತಿ. 2880ಕ್ಕೆ 1800 ಚುಕ್ಕೆಗಳೆಂದರೆ 51,84,000. ಒಂದಕ್ಕೆ ನಾಲ್ಕು ಬೈಟಿನಂತೆ ಎರಡು ಕೋಟಿ ಬೈಟು ಮೀರುತ್ತದೆ. ಯಂತ್ರವನ್ನು ಕೂರಿಸುವಾಗ ‘ವಿಡಿಯೊ ಮೆಮೊರಿ’ಯನ್ನು 16 ಮೆಗಾಬೈಟಿಗೇ ಬಿಟ್ಟಿದ್ದರೆ ಪೂರ್ಣ ಅಳತೆ ಬಾರದು. 64ಕ್ಕೋ 128ಕ್ಕೋ ಏರಿಸಿದರೆ ತೀರಿತು.

ಈ ಏರ್ಪಾಡು ಟೈಪು ಮಾಡಲು, ಕಡತಗಳನ್ನು ಹುಡುಕಲು, ಮೆನುಗಳನ್ನು ಒತ್ತಲು ಚೆನ್ನಾಗಿದೆ. ಆದರೆ ಕರಡು ತಿದ್ದುವುದಕ್ಕೆ ನಾವು ಇದನ್ನು ಹೇಳುವುದಿಲ್ಲ. ಏಕೆಂದರೆ ಇಲ್ಲಿ ಅಕ್ಷರವನ್ನು ಬರೆದಿರುವುದು ಇನ್ನೂ ಹದಿನಾರೇ ಚುಕ್ಕೆಯಲ್ಲಿ. ದುಡ್ಡು ಕೊಟ್ಟು ತಂದ ನಯವಾದ ಪರದೆ ಹಳೆಯ ಪರದೆಯಂತೆಯೇ ವರ್ತಿಸುತ್ತಿದೆ. ಕರಡಿನ ಕೆಲಸಕ್ಕೆ ಅಳತೆಯನ್ನು ಒಂದಕ್ಕೆ ಒಂದು ಎಂದು ಇಳಿಸಿ, ಅತಿಥಿಗೆ ಫಲಕದ ಅಷ್ಟೂ ಚುಕ್ಕೆಗಳನ್ನು ಬಿಟ್ಟುಕೊಡಬೇಕು. ಮೆನುಗಳು ಮತ್ತೆ ಸಾಸಿವೆಯಾಗುತ್ತವೆ, ಆಗಲಿ. ಬರಹವಿರುವ ಪ್ರೋಗ್ರಾಮಿನಲ್ಲಿಯೇ ಪುಟವನ್ನು ಹಿಗ್ಗಿಸುವ ‘ಝೂಮ್’ ಇರುತ್ತದೆ. ಅದನ್ನು ನೂರಕ್ಕೆ ಇನ್ನೂರೈವತ್ತಕ್ಕೆ ಏರಿಸಬೇಕು. ಈಗ ಪುಟವನ್ನು ದೊಡ್ಡದು ಮಾಡುತ್ತಿರುವವನು ಅಕ್ಷರವನ್ನು ಬಲ್ಲವನು. ಅಕ್ಷರರೂಪಗಳು ರೇಖೆಗಳಾಗಿ ಶೇಖರಿಸಲ್ಪಟ್ಟಿರುವುದರಿಂದ ಹದಿನಾರು ಚುಕ್ಕೆಯ ಅಕ್ಷರವನ್ನು ನಲವತ್ತು ಚುಕ್ಕೆಯಲ್ಲಿ ಹೊಸದಾಗಿ ಬರೆಯುತ್ತಾನೆ. ಎತ್ತರ 4.2 ಮಿಲಿಮೀಟರು, ಹಳೆಯ ಪರದೆಯಲ್ಲಿದ್ದಷ್ಟೇ. ನಯ ಅದಕ್ಕಿಂತ ಎರಡೂವರೆಪಟ್ಟು. ‘ಥ’ದ ಚುಕ್ಕೆ ಚುಕ್ಕೆಯಾಗಿಯೇ ನಿಲ್ಲುತ್ತದೆ, ೯ರ ಬಾಲ ಯಾವ ಕಡೆಗೆಂದು ಅನುಮಾನವಿರುವುದಿಲ್ಲ. ಅತ್ತೆಯವರು ಟೈಪು ಮಾಡುವಾಗ ಅವರ ಕಣ್ಣಿಗೇ ಇಷ್ಟು ಚೊಕ್ಕಟವಾಗಿ ಈ ಪುಟಗಳು ಕಂಡಿರಲಾರವು.

ಒಳಗಿರುವ ಅತಿಥಿ ಹಳಬನಲ್ಲದೆ ವಿಂಡೋಸ್ 10, 11 ಅಥವಾ ಈಚಿನ ಲಿನಕ್ಸ್ ಆಗಿದ್ದರೆ ಇಷ್ಟು ಕಸರತ್ತು ಬೇಕಿಲ್ಲ. ಅವನಿಗೆ ಪೂರ್ಣ ಚುಕ್ಕೆಗಳನ್ನು ಬಿಟ್ಟುಕೊಟ್ಟು, ಅವನ ಒಳಗಿನ ಸೆಟ್ಟಿಂಗಿನಲ್ಲಿಯೇ ನೂರಕ್ಕೆ ಇನ್ನೂರು ಎಂದು ಹೇಳಿದರೆ ಎಲ್ಲವನ್ನೂ ತಾನೇ ದೊಡ್ಡದಾಗಿ ಬರೆದುಕೊಳ್ಳುತ್ತಾನೆ. ಎಚ್ಚರವಿರಬೇಕಾದದ್ದು ಇಷ್ಟೆ: ಅಂಥ ಕಡೆ ಆತಿಥೇಯನು ಸುಮ್ಮನಿರಬೇಕು. ಅತ್ತೆಯೂ ಸೊಸೆಯೂ ಒಬ್ಬರಿಗೊಬ್ಬರು ಹೇಳದೆ ಹುಳಿಗೆ ಉಪ್ಪು ಹಾಕಿದಂತೆ, ಒಳಗೂ ಇಮ್ಮಡಿ ಹೊರಗೂ ಇಮ್ಮಡಿಯಾದರೆ ನಾಲ್ಮಡಿಯಾಗಿ ಪರದೆಯ ತುಂಬ ನಾಲ್ಕು ಗುಂಡಿಗಳು ಮಾತ್ರ ಕಾಣುತ್ತವೆ. ಇಬ್ಬರೂ ಹಾಕದಿದ್ದರೆ ಸಾಸಿವೆ. ಲಿನಕ್ಸಿನ ಗ್ನೋಮ್ ಆವರಣದಲ್ಲಿ ಬಹುಕಾಲ ನೂರು ಅಥವಾ ಇನ್ನೂರು ಎಂಬ ಎರಡೇ ಮೆಟ್ಟಿಲಿದ್ದುವು. 2019ರಲ್ಲಿ ನಡುವಣ ಮೆಟ್ಟಿಲುಗಳು ಪ್ರಯೋಗಾರ್ಥವಾಗಿ ಬಂದುವು. ಅಲ್ಲಿಯೂ ಹಳೆಯ ಬಗೆಯ ಪ್ರೋಗ್ರಾಮುಗಳು ಮಂಜಾಗಿ ಕಾಣುವುದುಂಟು. ಇನ್ನೂರು ಸಾಕೆನಿಸಿದರೆ ನಡುವಣ ಮೆಟ್ಟಿಲಿನ ಗೋಜು ಬೇಡ.

ಬೇರೆ ತಂತ್ರಾಂಶ ಬಳಸುವವರಿಗೂ ತತ್ತ್ವ ಇದೇ. ಗುಂಡಿಗಳ ಹೆಸರು ಬೇರೆ. ಆಪಲ್ ಯಂತ್ರಗಳ ಮೇಲಿನ ವಿಎಂವೇರ್ ಫ್ಯೂಷನ್ನಿನಲ್ಲಿ ರೆಟಿನಾ ಪರದೆಯ ಪೂರ್ಣ ಚುಕ್ಕೆಗಳನ್ನು ಅತಿಥಿಗೆ ಕೊಡಬೇಕೇ ಎಂದು ಕೇಳುವ ಒಂದು ಚೌಕವಿದೆ. ಹೊಸ ಅತಿಥಿಯಾದರೆ ಗುರುತು ಹಾಕಿ, ಎಕ್ಸ್‌ಪಿಯಂಥ ಹಳಬನಾದರೆ ಹಾಕಬೇಡಿ. ಮೈಕ್ರೋಸಾಫ್ಟಿನ ಹೈಪರ್-ವಿ ಕಿಟಕಿಯ ‘ವ್ಯೂ’ ಪಟ್ಟಿಯಲ್ಲಿ ‘ಝೂಮ್ ಲೆವೆಲ್’ ಎಂದಿದೆ. ಅಲ್ಲಿ ಇನ್ನೂರನ್ನು ಆರಿಸಿರಿ, ನೂರೈವತ್ತನ್ನಲ್ಲ. 2020ರ ನವೆಂಬರಿನಿಂದೀಚೆಗೆ ಬಂದಿರುವ, ಎಂ ಸರಣಿಯ ಮಿದುಳಿನ ಆಪಲ್ ಲ್ಯಾಪ್‌ಟಾಪು ಕೊಂಡವರಿಗೆ ಮಾತ್ರ ಬೇರೊಂದು ತೊಂದರೆಯಿದೆ. ಆ ಮಿದುಳಿನ ಭಾಷೆಯೇ ಬೇರೆಯಾದ್ದರಿಂದ ಎಕ್ಸ್‌ಪಿಯ ಪ್ರತಿಯೊಂದು ಆಜ್ಞೆಯನ್ನೂ ಅನುವಾದಿಸಿ ನಡೆಸಬೇಕಾಗುತ್ತದೆ. ನಡೆಯುತ್ತದೆ, ಆದರೆ ಎತ್ತಿನಗಾಡಿಯ ವೇಗ.

ಇಷ್ಟೆಲ್ಲ ಓದಿ ತಲೆ ಕೆಟ್ಟವರಿಗೆ ಒಂದು ಅಡ್ಡದಾರಿಯಿದೆ. ಅನೇಕ ಮನೆಗಳಲ್ಲಿ ಅದು ಮೂಲೆಯಲ್ಲಿ ಧೂಳು ಹಿಡಿದು ಕುಳಿತಿರುತ್ತದೆ. 24 ಅಂಗುಲದ, 1920ಕ್ಕೆ 1080 ಚುಕ್ಕೆಯ ಸಾಧಾರಣ ಮಾನಿಟರಿನಲ್ಲಿ ಅಂಗುಲಕ್ಕೆ 92 ಚುಕ್ಕೆಗಳಿವೆ. ಎಕ್ಸ್‌ಪಿ ನಂಬಿದ 96ಕ್ಕೆ ತೀರ ಹತ್ತಿರ. ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಹಳೆಯ ಅತಿಥಿಯನ್ನು ಅದರ ಮೇಲೆ ಪೂರ್ಣಪರದೆಗೆ ಹರಡಿದರೆ ಹದಿನಾರು ಚುಕ್ಕೆಯ ಅಕ್ಷರ 4.4 ಮಿಲಿಮೀಟರು ಎತ್ತರವಾಗಿ ನಿಲ್ಲುತ್ತದೆ. ಹಿಗ್ಗಿಸುವ ಪ್ರಶ್ನೆಯೇ ಇಲ್ಲ. ಹೊಸ ಮಾನಿಟರು ಕೊಳ್ಳಿರೆಂದು ನಾವು ಹೇಳುತ್ತಿಲ್ಲ. ಇರುವುದನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಯೋಚಿಸಿರೆಂದು ಹೇಳುತ್ತೇವೆ. ಆದರೆ ಕಿಟಕಿಯನ್ನು ಒಂದು ಪರದೆಯಿಂದ ಇನ್ನೊಂದಕ್ಕೆ ಪದೇಪದೇ ಎಳೆದಾಡಬಾರದು. ಎರಡರ ಸೇರು ಬೇರೆಬೇರೆಯಾದ್ದರಿಂದ ಒಂದರಲ್ಲಿ ಸರಿಯಾದದ್ದು ಇನ್ನೊಂದರಲ್ಲಿ ಕೆಡುತ್ತದೆ.

ಹಳೆಯ ಬರಹಕ್ಕೆ ವರ್ಚುಯಲ್ ಯಂತ್ರ ಅನಿವಾರ್ಯವೇ ಎಂಬುದನ್ನೂ ಪರೀಕ್ಷಿಸಿಕೊಳ್ಳಬೇಕು. ಎಕ್ಸ್‌ಪಿಯ ಕಾಲದ ಎಷ್ಟೋ ಪ್ರೋಗ್ರಾಮುಗಳು ವಿಂಡೋಸ್ 11ರ ಮೇಲೂ ನೇರವಾಗಿ ನಡೆಯುತ್ತವೆ. ಅಲ್ಲಿ ಅವು ಮಂಜಾಗಿ ಕಂಡರೆ ಪ್ರೋಗ್ರಾಮಿನ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’, ಅದರೊಳಗೆ ‘ಕಂಪ್ಯಾಟಿಬಿಲಿಟಿ’, ಅದರೊಳಗಿನ ಹೈ ಡಿಪಿಐ ಸೆಟ್ಟಿಂಗಿಗೆ ಹೋಗಿ ‘ಸಿಸ್ಟಮ್ (ಎನ್‌ಹಾನ್ಸ್ಡ್)’ ಎಂಬುದನ್ನು ಆರಿಸಿ ನೋಡಬಹುದು. 2017ರಲ್ಲಿ ಸೇರಿಸಿದ ಸವಲತ್ತು ಇದು. ಕೆಲವು ಪ್ರೋಗ್ರಾಮುಗಳಲ್ಲಿ ಅಕ್ಷರಗಳನ್ನು ಅಚ್ಚುಕಟ್ಟಾಗಿ ಮತ್ತೆ ಬರೆಯಿಸುತ್ತದೆ, ಕೆಲವದರಲ್ಲಿ ನಿಷ್ಪ್ರಯೋಜಕ. ಹದಿನಾರು ಬಿಟ್ಟಿನ ಇನ್ನೂ ಹಳೆಯ ಪ್ರೋಗ್ರಾಮುಗಳು, ಯಂತ್ರದ ಬೆನ್ನಿಗೆ ಚುಚ್ಚುವ ಬೀಗದ ತುಂಡನ್ನು ಬೇಡುವ ಅಕ್ಷರಜೋಡಣೆಯ ಪ್ರೋಗ್ರಾಮುಗಳು, ಇವಕ್ಕೆ ಮಾತ್ರ ಹಳೆಯ ಮನೆಯೇ ಬೇಕು.

ಹಳೆಯ ಮನೆಯ ಬಾಗಿಲ ವಿಷಯವನ್ನೂ ಹೇಳಬೇಕು. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ರಕ್ಷಣೆ 2014ರ ಏಪ್ರಿಲ್ 8ಕ್ಕೆ ಮುಗಿದಿದೆ. ಆ ಅತಿಥಿಯನ್ನು ಅಂತರಜಾಲಕ್ಕೆ ಬಿಡುವುದು ಕದ ತೆಗೆದಿಟ್ಟು ಮಲಗಿದಂತೆ. ವರ್ಚುಯಲ್ ಯಂತ್ರದ ಸೆಟ್ಟಿಂಗಿನಲ್ಲಿ ನೆಟ್‌ವರ್ಕಿನ ಗುರುತನ್ನು ತೆಗೆದುಹಾಕಿ, ಕಡತಗಳನ್ನು ‘ಷೇರ್ಡ್ ಫೋಲ್ಡರ್’ ಮೂಲಕವೇ ಒಳಗೆ ಹೊರಗೆ ಸಾಗಿಸಬೇಕು. ಏನನ್ನಾದರೂ ಬದಲಾಯಿಸುವ ಮುನ್ನ ಇಡೀ ಯಂತ್ರದ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಡಬೇಕು. ನಾನೂರು ಪುಟಗಳಿಗೆ ಅದಕ್ಕಿಂತ ಅಗ್ಗದ ವಿಮೆ ಇಲ್ಲ.

ಕೊನೆಯದಾಗಿ, ಪುಸ್ತಕದ ಮಾತು. ಆ ಕಾಲದ ಕನ್ನಡ ಅಕ್ಷರವಿನ್ಯಾಸಗಳಲ್ಲಿ ಬಹುಪಾಲು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ರೂಪಗಳನ್ನು ಕೂರಿಸಿದವು. ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಅಚ್ಚಿಗೆ ಹೋಗುವ ಮೊದಲು ಇದನ್ನು ಇಂದಿನ ಯೂನಿಕೋಡಿಗೆ ಪರಿವರ್ತಿಸುವುದು ಒಳಿತು; ಅದಕ್ಕೆ ಪರಿವರ್ತಕಗಳಿವೆ. ಹಳೆಯ ಬರಹದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ದಾಖಲಾಗಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕಗಳು ಎಡವುವುದು ಹೆಚ್ಚಾಗಿ ಇಂಥ ಕಡೆಗಳಲ್ಲಿ ಮತ್ತು ಒತ್ತಕ್ಷರಗಳಲ್ಲಿ. ಆದ್ದರಿಂದ ಮೂಲವನ್ನು ಬದಿಗಿಟ್ಟುಕೊಂಡೇ ಓದಬೇಕು. ಪರದೆಯ ಎಡಭಾಗದಲ್ಲಿ ಅತಿಥಿಯ ಕಿಟಕಿಯನ್ನು ಒಂದಕ್ಕೆ ಒಂದರ ಅಳತೆಯಲ್ಲಿಟ್ಟು ಪುಟವನ್ನು ಝೂಮಿನಿಂದ ಹಿಗ್ಗಿಸಿ, ಬಲಭಾಗದಲ್ಲಿ ಹೊಸ ಯೂನಿಕೋಡ್ ಪ್ರತಿಯನ್ನು ತೆರೆದುಕೊಳ್ಳಬಹುದು. ಎರಡೂ ಕಡೆಯ ಅಕ್ಷರದ ಎತ್ತರ ಒಂದೇ ಆಗುವಂತೆ ಝೂಮನ್ನು ಹೊಂದಿಸಿಕೊಂಡರೆ ಕಣ್ಣು ಸಾಲಿನಿಂದ ಸಾಲಿಗೆ ದಣಿಯದೆ ದಾಟುತ್ತದೆ. ದಿನಕ್ಕೆ ಹತ್ತು ಪುಟದಂತೆ ನಲವತ್ತು ದಿನದ ಕೆಲಸ. ಮದ್ದಿನ ಅಳತೆಗಳಿರುವ ಪುಟಗಳನ್ನು, ಕಣ್ಣು ಹೊಸದಾಗಿರುವ ಬೆಳಗಿನ ಹೊತ್ತಿನಲ್ಲಿ, ಮೊದಲು ಮುಗಿಸಿಕೊಳ್ಳುವುದು ಮೇಲು.